ಅಂಗಳಕ್ಕೆ ಜಲ್ಲಿ ಸುರಿದವರಲ್ಲಿ ನಾನೂ ಒಬ್ಬಳು

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಭಾನುವಾರ, ಮೈಸೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಜಲ್ಲಿ ಬಂದು ನಿಂತಿತು. ಕೆಳಗಿನ ಮನೆಯಲ್ಲಿರುವವರು ಮನೆಯ ಒಡತಿ, ನಿವೃತ್ತ ಟೀಚರ್. ವಯಸ್ಸು 71. ನಾನು ಅವರನ್ನು ಆಂಟಿ ಎನ್ನುತ್ತೇನೆ. ಅವರ ಮಗ ಅಮೆರಿಕದಲ್ಲಿದ್ದಾರೆ. ಅಮ್ಮನ ಮಂಡಿನೋವಿಗೆ ಪರಿಹಾರವಾಗಿ ಅವರು ಅಲ್ಲಿಂದಲೇ ಯಾರೋ ತೋಟ ವಿನ್ಯಾಸ ಮಾಡುವವರಿಗೆ ಹಣ ಕಳಿಸಿ, ಅಂಗಳದ ತುಂಬ ಜಲ್ಲಿ ಹಾಸುವ ಏರ್ಪಾಡು ಮಾಡಿದ್ದರು. ಇನ್ನು ಕಳೆ ಬರುವುದಿಲ್ಲ, ಗುಡಿಸುವಂತಿಲ್ಲ, ಬಗ್ಗುವಂತಿಲ್ಲ ಎಂಬುದು ಭರವಸೆ. ಕೆಲಸಕ್ಕೆ ಬಂದಿದ್ದವರು ಇಬ್ಬರೇ. ಮಧ್ಯಾಹ್ನದ ಹೊತ್ತಿಗೆ ಅವರು ಸುಸ್ತಾದದ್ದು ಕಂಡು ನಾನೂ ಬಾಂಡ್ಲಿ ಹಿಡಿದು ಇಳಿದೆ. ಸಂಜೆ ಫೋಟೋ ತೆಗೆದು ಮಗನಿಗೆ ಕಳಿಸಿದವಳೂ ನಾನೇ. ಅಂಗಳ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಹಾಗಾಗಿ ಈ ಲೇಖನವನ್ನು ಯಾರನ್ನೋ ಬೈಯುವುದಕ್ಕೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಬೈಯುವುದಿದ್ದರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಆದರೆ ನನ್ನ ವಾದವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ: ನಮ್ಮ ಕಡೆಯ ಮನೆಯಂಗಳಗಳಲ್ಲಿ ಗಿಡದ ಬುಡಕ್ಕೆ ಜಲ್ಲಿ ಹಾಸುವುದು ತಪ್ಪು. ಅದು ಬರೀ ರುಚಿಯ ಪ್ರಶ್ನೆಯಲ್ಲ. ಅದು ಮಣ್ಣಿಗೆ ಮಾಡುವ ಮೋಸ, ಇನ್ನೊಂದು ಊರಿಗೆ ಮಾಡುವ ಅನ್ಯಾಯ, ಕಡೆಗೆ ಯಾರ ಸುಖಕ್ಕೆಂದು ಹಾಸುತ್ತೇವೋ ಅವರಿಗೇ ತಿರುಗುಬಾಣ.

ಜಲ್ಲಿಯ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳುತ್ತೇನೆ. ಕಲ್ಲಿನ ಹೊದಿಕೆ ಹೊಸ ಹುಚ್ಚೇನಲ್ಲ. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಲಾಂಜರೊಟೆ ಎಂಬುದೊಂದಿದೆ. 1730ರಿಂದ 1736ರವರೆಗೆ ಅಲ್ಲಿ ಜ್ವಾಲಾಮುಖಿ ಉಕ್ಕಿ ಹೊಲಗಳೆಲ್ಲ ಕಪ್ಪು ಕಲ್ಲುಹರಳಿನಡಿ ಹೂತುಹೋದವು. ರೈತರು ಆ ಹರಳಿನ ನಡುವೆ ಗುಂಡಿ ತೋಡಿ, ಕೆಳಗಿನ ಹಳೆಯ ಮಣ್ಣಿಗೆ ಬೇರು ತಾಗುವಂತೆ ದ್ರಾಕ್ಷಿ ನೆಟ್ಟರು. ವರ್ಷಕ್ಕೆ ಸುಮಾರು 150 ಮಿಲಿಮೀಟರ್ ಮಳೆ ಬೀಳುವ ಜಾಗವದು. ಹರಳಿನ ಪದರ ತೇವವನ್ನು ಆರಗೊಡುವುದಿಲ್ಲ, ಆದ್ದರಿಂದ ಇವತ್ತಿಗೂ ಅಲ್ಲಿ ದ್ರಾಕ್ಷಿ ಬೆಳೆಯುತ್ತದೆ. ಚೀನಾದ ಗಾನ್ಸು, ನಿಂಗ್‌ಶ್ಯ ಪ್ರಾಂತಗಳಲ್ಲಿ ಹೊಲಕ್ಕೆ ಕಲ್ಲುಮರಳು ಹಾಸಿ ಕಲ್ಲಂಗಡಿ ಬೆಳೆಯುವ ಪದ್ಧತಿ ಶತಮಾನಗಳಷ್ಟು ಹಳೆಯದು. ಇಂಗ್ಲೆಂಡಿನ ಎಸೆಕ್ಸಿನಲ್ಲಿ ಬೆತ್ ಚಾಟೊ 1990ರ ದಶಕದ ಆರಂಭದಲ್ಲಿ ಕಾರು ನಿಲ್ಲಿಸುವ ಹಳೆಯ ಜಾಗವನ್ನು ಕಲ್ಲುಹರಳಿನ ತೋಟವಾಗಿಸಿದರು. ಅದಕ್ಕೆ ಕೊಳವೆಯಲ್ಲಿ ನೀರು ಹಾಯಿಸುವ ಪದ್ಧತಿಯೇ ಇಲ್ಲ. ಈ ಮೂರೂ ಬುದ್ಧಿವಂತಿಕೆಯ ಕೆಲಸಗಳು. ಕಲ್ಲು ಆವಿಯನ್ನು ತಡೆಯುತ್ತದೆ, ಮಳೆಹನಿಯ ಪೆಟ್ಟಿನಿಂದ ಮಣ್ಣನ್ನು ಕಾಯುತ್ತದೆ, ನೀರನ್ನು ಕೆಳಗಿಳಿಯಲು ಬಿಡುತ್ತದೆ. ಇದರಲ್ಲಿ ನನಗೆ ತಕರಾರಿಲ್ಲ.

ಆದರೆ ಈ ಮೂರೂ ಕಡೆ ಸಮಾನವಾದದ್ದೇನು ಎಂದು ನೋಡಿ. ಅಲ್ಲಿ ಮಳೆ ಕಡಿಮೆ. ಕಲ್ಲು ಕಾಲಡಿಯಲ್ಲೋ ಪಕ್ಕದಲ್ಲೋ ಇತ್ತು. ನೆಡುವ ಗಿಡವನ್ನು ಆ ಜಾಗಕ್ಕೆ ಒಗ್ಗುವಂತೆ ಆರಿಸಲಾಯಿತು. ಚಾಟೊ ಅವರಂತೂ ನೆಡುವ ಮೊದಲು ಆ ನೆಲಕ್ಕೆ ಕಾಂಪೋಸ್ಟ್ ಸೇರಿಸಿದ್ದರು. ಚೀನಾದ ಆ ಸೀಮೆಯಲ್ಲಿ ಕಲ್ಲುಹೊಲದ ಬಗ್ಗೆ ಒಂದು ಮಾತಿದೆ. ಅಪ್ಪ ದುಡಿದು ಸಾಯುತ್ತಾನೆ, ಮಗ ಸುಖಪಡುತ್ತಾನೆ, ಮೊಮ್ಮಗ ಬಡವನಾಗುತ್ತಾನೆ ಎಂಬುದು ಅದರ ಅರ್ಥ. ಯಾಕೆಂದರೆ ಕೆಲವು ದಶಕ ಕಳೆದ ಮೇಲೆ ಕಲ್ಲೂ ಮಣ್ಣೂ ಬೆರೆತು ಹೊಲ ಮುದಿಯಾಗುತ್ತದೆ, ಅದನ್ನು ಬೇರ್ಪಡಿಸುವುದು ಹೊಸದಾಗಿ ಹಾಸುವುದಕ್ಕಿಂತ ಕಷ್ಟ. ಕಲ್ಲಿನ ಹೊದಿಕೆಯನ್ನು ಚೆನ್ನಾಗಿ ಬಲ್ಲವರೇ ಅದರ ಬಗ್ಗೆ ಇಷ್ಟು ಎಚ್ಚರದಿಂದ ಮಾತಾಡುತ್ತಾರೆ.

ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ನಮ್ಮ ಬೀದಿಯಲ್ಲಿ ಹೊಂಗೆ, ಮಳೆಮರ, ನೇರಳೆ ಇವೆ. ಫೆಬ್ರುವರಿ ಬಂತೆಂದರೆ ಹೊಂಗೆಯ ಎಲೆ ಮೊಣಕಾಲುದ್ದ ರಾಶಿ ಬೀಳುತ್ತದೆ. ಹೊದಿಕೆ ಆಕಾಶದಿಂದ ಪುಕ್ಕಟೆ ಉದುರುವ ಊರಿನಲ್ಲಿ ನಾವು ಹಣ ಕೊಟ್ಟು ಕಲ್ಲು ತರಿಸುತ್ತಿದ್ದೇವೆ.

ಆ ಅಂಗಳ 20 ಅಡಿಗೆ 15 ಅಡಿ. ಎರಡು ಇಂಚು ದಪ್ಪ ಹಾಸಲು 50 ಘನ ಅಡಿ ಜಲ್ಲಿ ಬೇಕು. ತೂಕದಲ್ಲಿ ಎರಡು ಟನ್ನಿಗೂ ಹೆಚ್ಚು. ಕೆಳಗೆ ಕಳೆ ಬಾರದಂತೆ ಕಪ್ಪು ಪ್ಲಾಸ್ಟಿಕ್ ಹಾಳೆ, ಮೇಲೆ ಬೇಬಿ ಜಲ್ಲಿ, ತುಳಸಿಕಟ್ಟೆಯ ಸುತ್ತ ಅಂದಕ್ಕೆಂದು ಬಿಳಿ ಕಲ್ಲು. ಮೊದಲ ಮಳೆಗಾಲ ಏನೂ ಗೊತ್ತಾಗಲಿಲ್ಲ. ಎರಡನೆಯ ಬೇಸಿಗೆಗೆ ಒಂದೊಂದೇ ಕಾಣಿಸಿಕೊಂಡಿತು. ರಸ್ತೆಯ ಧೂಳು ಕಲ್ಲಿನ ಸಂದಿಯಲ್ಲಿ ಕೂತು, ಅದರ ಮೇಲೆಯೇ ಗರಿಕೆ ಹುಟ್ಟಿತು. ಬೇರು ಹಾಳೆಗೆ ಕಚ್ಚಿಕೊಂಡದ್ದರಿಂದ ಕೀಳುವುದು ಮೊದಲಿಗಿಂತ ಕಷ್ಟವಾಯಿತು. ಕಲ್ಲು ಹಗಲಿಡೀ ಕಾದು ರಾತ್ರಿಯಲ್ಲೂ ಬಿಸಿ ಉಗುಳುತ್ತಿತ್ತು. ಕರಿಬೇವು ಬಾಡಿತು. ಬಿಳಿ ಕಲ್ಲಿನ ಪಕ್ಕದ ಕೇಪಳದ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದವು. ಕೇಪಳಕ್ಕೆ ಸುಣ್ಣದ ನೆಲ ಆಗಿಬರುವುದಿಲ್ಲ, ಕಬ್ಬಿಣದ ಅಂಶ ಹೀರಲಾಗದೆ ಹೀಗೆ ಬಿಳಿಚಿಕೊಳ್ಳುತ್ತದೆ. ಅಂದಕ್ಕೆ ಮಾರುವ ಬಿಳಿ ಕಲ್ಲು ಎಷ್ಟೋ ಸಲ ಅಮೃತಶಿಲೆಯ ಚೂರು, ಅಂದರೆ ಸುಣ್ಣದ ಕಲ್ಲೇ. ನಮ್ಮ ಬೋರ್‌ವೆಲ್ ನೀರೂ ಗಡಸು, ಎಲ್ಲ ತಪ್ಪನ್ನೂ ಕಲ್ಲಿನ ಮೇಲೆ ಹೊರಿಸಲಾರೆ. ಆದರೆ ಗಡಸು ನೀರಿನ ಊರಿನಲ್ಲಿ ಸುಣ್ಣದ ಕಲ್ಲನ್ನು ತಂದು ಸುರಿಯುವುದು ಯಾವ ಜಾಣತನ?

ಇದೆಲ್ಲಕ್ಕಿಂತ ಮುಖ್ಯವಾದದ್ದು ಹಾಳೆಯ ಕೆಳಗಿತ್ತು. ಒಂದು ಮೂಲೆ ಎತ್ತಿ ನೋಡಿದಾಗ ಮಣ್ಣು ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಒಂದೂ ಎರೆಹುಳ ಇಲ್ಲ. ಇರುವುದಾದರೂ ಹೇಗೆ? ಎಲೆ ಕೊಳೆಯುತ್ತದೆ, ಅದನ್ನು ಶಿಲೀಂಧ್ರ ತಿನ್ನುತ್ತದೆ, ಹುಳ ತಿನ್ನುತ್ತದೆ, ಹುಳ ಕೊರೆದ ದಾರಿಯಲ್ಲಿ ನೀರೂ ಗಾಳಿಯೂ ಇಳಿಯುತ್ತವೆ. ಗಿಡ ಉಣ್ಣುವುದು ಈ ಎಲ್ಲರೂ ಉಂಡು ಬಿಟ್ಟದ್ದನ್ನು. ಕಲ್ಲು ಯಾರಿಗೂ ಅನ್ನವಲ್ಲ. ನಮ್ಮೂರು ಸಿದ್ದಾಪುರದ ಕಡೆ. ಈ ಕತೆಯನ್ನು ಫೋನಿನಲ್ಲಿ ಹೇಳಿದಾಗ ಆಯಿ ಕೇಳಿದ್ದು ಒಂದೇ ಮಾತು: "ಅಲ್ದೇ ಕೂಸೆ, ಕಲ್ಲು ಹಾಕಿದ್ರೆ ಗಿಡ ಎಂತ ತಿಂತು?" ನನ್ನ ಇಷ್ಟು ಉದ್ದದ ಲೇಖನದ ಸಾರ ಆ ಪ್ರಶ್ನೆಯಲ್ಲೇ ಇದೆ.

ಈಗ ಕಲ್ಲು ಬಂದ ದಾರಿಯನ್ನು ನೋಡೋಣ. ನನ್ನ ಜೊತೆ ಸಂಶೋಧನೆ ಮಾಡುತ್ತಿರುವ ಗೆಳತಿಯೊಬ್ಬಳು ಚಿಕ್ಕಬಳ್ಳಾಪುರ ಜಿಲ್ಲೆಯವಳು. ಅವಳ ಊರಿನ ಗುಡ್ಡದಲ್ಲಿ ಕ್ವಾರಿ, ಬುಡದಲ್ಲಿ ಕ್ರಷರ್. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಕ್ರಷರ್‌ನ ದೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳಕ್ಕೆ ಹಾಗೇ ಹಾಕುವಂತಿಲ್ಲ. ಬೆಳಿಗ್ಗೆ ಎದ್ದು ಅವಳ ಅಮ್ಮ ಸೊಪ್ಪು ತೊಳೆದು, ಹರವಿ, ಆರಿಸಿ ಹಾಕುತ್ತಾರೆ. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ. "ನಿಮ್ಮ ಆಂಟಿ ಬಗ್ಗಬಾರದು ಅಂತ ನಮ್ಮಮ್ಮ ಬಗ್ತಾ ಇದಾಳೆ ನೋಡು" ಎಂದು ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

2021ರ ಜನವರಿಯಲ್ಲಿ ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ, ಮರುತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಕಲ್ಲು ಗಣಿಗಾರಿಕೆಗೆ ತಂದಿದ್ದ ಸ್ಫೋಟಕ ಸಿಡಿದು ಜನ ಸತ್ತರು. ಆಗ ನಾವೆಲ್ಲ ಟಿವಿಯ ಮುಂದೆ ಕೂತು ಅಕ್ರಮ ಗಣಿಗಾರಿಕೆಯನ್ನು ಶಪಿಸಿದೆವು. ಸಕ್ರಮವಾದ ಕ್ವಾರಿಯಲ್ಲೂ ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಎಂಬ ವಾಸಿಯಾಗದ ಶ್ವಾಸಕೋಶದ ಕಾಯಿಲೆಗೆ ಬೀಳುವ ಕೂಲಿಗಳಿದ್ದಾರೆ. ಮನೆ ಕಟ್ಟಲು, ರಸ್ತೆ ಮಾಡಲು, ಆಸ್ಪತ್ರೆಗೆ ಜಲ್ಲಿ ಬೇಕು, ಒಪ್ಪಿದೆ. ಅದಕ್ಕೆ ಬೇರೆ ದಾರಿ ಸುಲಭವಿಲ್ಲ. ಆದರೆ ದಾಸವಾಳದ ಬುಡಕ್ಕೆ ಬೇರೆ ದಾರಿ ಇದೆ. ಅದು ದಾಸವಾಳದ ತಲೆಯ ಮೇಲೆಯೇ ತೂಗುತ್ತಿದೆ. ಬೇಕೇಬೇಕಾದದ್ದಕ್ಕೆ ಒಂದು ಗುಡ್ಡ ಒಡೆಯುವುದು ಬೇರೆ, ಅಂದಕ್ಕೆ ಒಡೆಯುವುದು ಬೇರೆ. ಎರಡು ಟನ್ ಏನು ಮಹಾ ಎಂದು ಕೇಳಬಹುದು. ನಮ್ಮ ಬಡಾವಣೆಯಲ್ಲಿ ಒಂದು ಮನೆಯನ್ನು ನೋಡಿ ಇನ್ನೊಂದು ಮನೆಯವರು, ಅವರನ್ನು ನೋಡಿ ಮತ್ತೊಬ್ಬರು ತರಿಸಿದ್ದನ್ನು ನಾನು ಮಹಡಿಯಿಂದ ನೋಡಿದ್ದೇನೆ.

ಇತ್ತ ಕಲ್ಲು ಒಳಗೆ ಬರುವಾಗ ಅತ್ತ ಎಲೆ ಹೊರಗೆ ಹೋಗುತ್ತದೆ. ನನ್ನ ಪಿಎಚ್.ಡಿ. ಕೃಷಿಯ ಮಾತುಗಳು ಹೇಗೆ ಬದಲಾಗುತ್ತಿವೆ ಎಂಬುದರ ಕುರಿತಾದದ್ದು. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಅಧಿಕಪ್ರಸಂಗ ಮಾಡುತ್ತೇನೆ. ಒಣಗಿ ಬಿದ್ದ ಎಲೆಗೆ ನಮ್ಮಲ್ಲಿ ದರಕು ಎನ್ನುತ್ತಾರೆ, ಪಕ್ಕದಲ್ಲಿ ದರಗು, ಬಯಲುಸೀಮೆಯಲ್ಲಿ ತರಗು, ತರಗೆಲೆ. ಗಿಡದ ಬುಡಕ್ಕೆ ಹಾಕಿದರೆ ಅದೇ ಹೊದಿಕೆ, ಮುಚ್ಚಿಗೆ. ಕೊಟ್ಟಿಗೆಗೆ ಹಾಕಿ ಹೊರತೆಗೆದರೆ ಗೊಬ್ಬರ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದೇ ಬಿಟ್ಟ ಕಾಡಿಗೆ ಸೊಪ್ಪಿನಬೆಟ್ಟ ಎಂಬ ಹೆಸರಿದೆ. ಬ್ರಿಟಿಷರ ಕಾಲದಲ್ಲೇ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕವಿತ್ತು. ಎಲೆಗೆ ಅಷ್ಟು ಬೆಲೆ. ನಗರಕ್ಕೆ ಬಂದ ಕೂಡಲೇ ಈ ಎಲ್ಲ ಪದಗಳೂ ಅಳಿದು ಒಂದೇ ಒಂದು ಪದ ಉಳಿಯುತ್ತದೆ: ಕಸ. ಒಂದು ವಸ್ತುವಿಗೆ ಕಸ ಎಂದು ಹೆಸರಿಟ್ಟ ಮೇಲೆ ಅದಕ್ಕೆ ಆಗುವುದು ಎರಡೇ, ಲಾರಿ ಅಥವಾ ಬೆಂಕಿ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಫೆಬ್ರುವರಿಯ ಸಂಜೆಗಳಲ್ಲಿ ಹೊಗೆ ಏಳುವುದು ಮಾತ್ರ ನಿಂತಿಲ್ಲ. ಜಲ್ಲಿ ಹಾಸಿದ ಮನೆಗಳವರು ಎಲೆಯ ಮೇಲೆ ಇನ್ನಷ್ಟು ಸಿಟ್ಟಾಗುತ್ತಾರೆ. ಮಣ್ಣಿನ ಮೇಲೆ ಬಿದ್ದ ಎಲೆ ಮಣ್ಣಾಗುತ್ತದೆ, ಜಲ್ಲಿಯ ಮೇಲೆ ಬಿದ್ದ ಎಲೆ ಗಲೀಜಾಗಿ ಕಾಣುತ್ತದೆ. ಕಲ್ಲಿನ ಸಂದಿಯಿಂದ ಅದನ್ನು ಗುಡಿಸಲೂ ಬರುವುದಿಲ್ಲ, ಬೆರಳಲ್ಲಿ ಹೆಕ್ಕಬೇಕು. ಪಕ್ಕದ ಮನೆಯವರು ಹೊಂಗೆಯ ಕೊಂಬೆ ಕಡಿಸಲು ಅರ್ಜಿ ಬರೆದದ್ದು ಜಲ್ಲಿ ಹಾಸಿದ ವರ್ಷವೇ.

"ನಿರ್ವಹಣೆ ಬೇಡದ ತೋಟ" ಎಂಬ ಮಾತಿನ ಪೊಳ್ಳು ಇಲ್ಲಿ ಬಯಲಾಗುತ್ತದೆ. ಜಗತ್ತಿನ ಪ್ರಸಿದ್ಧ ಕಲ್ಲಿನ ತೋಟ ಕ್ಯೋಟೋದ ರ್‍ಯೋಆನ್‌ಜಿ ದೇಗುಲದ್ದು. ಬಿಳಿ ಹರಳಿನ ಹಾಸಿನಲ್ಲಿ 15 ಬಂಡೆಗಳು, ಬಂಡೆಯ ಬುಡದಲ್ಲಿ ಒಂದಿಷ್ಟು ಪಾಚಿ. ಆ ಹರಳನ್ನು ಸನ್ಯಾಸಿಗಳು ಕುಂಟೆಯಲ್ಲಿ ಎಳೆದು ಗೆರೆ ಮೂಡಿಸುತ್ತಾರೆ, ಅದೂ ಒಂದು ಧ್ಯಾನ. ಗಿಡವೇ ಇಲ್ಲದ ಕಲ್ಲಿನ ತೋಟಕ್ಕೂ ಕೈ ಬೇಕು. ಕೈ ಬೇಡದ ತೋಟ ಎಂಬುದಿಲ್ಲ. ಕೈ ಬೇಡ ಎಂದು ಮಾರುವವರು ನಿಜಕ್ಕೂ ಮಾರುತ್ತಿರುವುದು ಅಂಗಳದೊಡನೆ ಸಂಬಂಧ ಬೇಡ ಎಂಬುದನ್ನು.

ಅದು ಆಂಟಿಯ ವಿಷಯದಲ್ಲಿ ಹೇಗೆ ನಡೆಯಿತೆಂದು ಹೇಳುತ್ತೇನೆ. ಜಲ್ಲಿಗೆ ಮೊದಲು ಅವರು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಅಂಗಳಕ್ಕಿಳಿದು ಪೂಜೆಗೆ ಹೂ ಬಿಡಿಸುತ್ತಿದ್ದರು. ದೇವರ ಹೂವಿಗೆ ಚಪ್ಪಲಿ ಹಾಕಿಕೊಂಡು ಹೋಗುವವರಲ್ಲ. ಪಾರಿಜಾತವನ್ನು ಗಿಡದಿಂದ ಕೀಳುವ ಪದ್ಧತಿಯಿಲ್ಲ, ನೆಲಕ್ಕೆ ಬಿದ್ದದ್ದನ್ನೇ ಆರಿಸುವುದು. ಜಲ್ಲಿ ಬಂದ ಮೇಲೆ ಅಂಗಾಲು ಚುಚ್ಚತೊಡಗಿತು. ಪಾರಿಜಾತ ಕಲ್ಲಿನ ಸಂದಿಗೆ ಬಿದ್ದು ಅಲ್ಲೇ ಬಾಡತೊಡಗಿತು. ಒಂದು ತಿಂಗಳು ಪ್ರಯತ್ನಪಟ್ಟರು. ಆಮೇಲೆ ಬೀದಿಯಲ್ಲಿ ಬರುವ ಹೂವಿನವಳ ಹತ್ತಿರ ಮೊಳ ಹೂ ತೆಗೆದುಕೊಳ್ಳತೊಡಗಿದರು. ಮಂಡಿಯೇನು ವಾಸಿಯಾಗಲಿಲ್ಲ. ಡಾಕ್ಟರು ದಿನಾ ಸ್ವಲ್ಪ ಓಡಾಡಿ ಎಂದಿದ್ದರು, ಆ ಓಡಾಟವೇ ನಿಂತಿತು. ಒಂದು ಸಂಜೆ ಗೇಟಿನ ಹತ್ತಿರ ಸಿಕ್ಕಾಗ ಹೇಳಿದರು: "ಮಗ ಪ್ರೀತಿಯಿಂದ ಮಾಡಿಸಿದ್ದು ಕಣಮ್ಮ. ಏನನ್ನೋದು? ಆದರೆ ಅಂಗಳ ನಂದು ಅನ್ನಿಸೋಲ್ಲ ಈಗ." ಆ ಫೋಟೋ ಕಳಿಸಿದ ಕೈ ನನ್ನದು.

ಮಗನನ್ನು ನಾನು ದೂರುವುದಿಲ್ಲ. ಹನ್ನೆರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿರುವವರಿಗೆ ಪ್ರೀತಿಯನ್ನು ಹಣದ ರೂಪದಲ್ಲಿ ಕಳಿಸುವುದು ಸುಲಭ. ಆದರೆ ಮುದುಕರ ಕೈಯಿಂದ ಕೆಲಸವನ್ನು ಒಂದೊಂದಾಗಿ ಕಿತ್ತುಕೊಳ್ಳುವುದೇ ಸೇವೆ ಎಂದು ನಮ್ಮ ತಲೆಮಾರು ನಂಬಿಕೊಂಡಿದೆ. ಕೇಳಬೇಕಾದ ಪ್ರಶ್ನೆ "ಅಮ್ಮ ಬಗ್ಗದ ಹಾಗೆ ಏನು ಮಾಡಲಿ" ಎಂಬುದಲ್ಲ. "ಅಮ್ಮ ಬಗ್ಗದೆಯೇ ಅಂಗಳದಲ್ಲಿ ಇರುವ ಹಾಗೆ ಏನು ಮಾಡಲಿ" ಎಂಬುದು.

ನನ್ನ ವಾದಕ್ಕೆ ಇರುವ ಬಲವಾದ ಆಕ್ಷೇಪವನ್ನು ಈಗ ಎದುರಿಸಬೇಕು. ಎಲೆಯ ಹೊದಿಕೆ ತಾನಾಗಿ ಹೋಗಿ ಬುಡದಲ್ಲಿ ಕೂರುವುದಿಲ್ಲ. ಯಾರೋ ಗುಡಿಸಬೇಕು, ಹೊರಬೇಕು, ವರ್ಷಕ್ಕೆರಡು ಸಲ ಹಾಕಬೇಕು. ಆ ಯಾರೋ ಯಾರು? ನಮ್ಮೂರಿನ ಬೆಟ್ಟದಲ್ಲಿ ದರಕು ಗುಡಿಸಿ ಬುಟ್ಟಿ ತುಂಬಿ ಹೊತ್ತವರು ಹೆಂಗಸರು, ಅವರಲ್ಲಿ ಹೆಚ್ಚಿನವರು ಕೂಲಿಗೆ ಬರುತ್ತಿದ್ದವರು. ನಮ್ಮ ತೋಟದ ಹಸಿರಿನಲ್ಲಿ ಅವರ ಸೊಂಟದ ನೋವಿದೆ. ಬೆಟ್ಟದ ಎಲೆಯನ್ನೆಲ್ಲ ತೋಟಕ್ಕೆ ಹೊತ್ತರೆ ಬೆಟ್ಟ ಬಡವಾಗುತ್ತದೆ ಎಂಬ ಮಾತೂ ನಿಜ. ಹಳೆಯದ್ದೆಲ್ಲ ಹೊನ್ನು ಎಂದು ನಾನು ಹೇಳಲು ಹೊರಟಿಲ್ಲ. ಆದರೆ ಜಲ್ಲಿ ಈ ಅನ್ಯಾಯವನ್ನು ಅಳಿಸಲಿಲ್ಲ, ಬರೀ ನಮ್ಮ ಕಣ್ಣಿನಿಂದ ಮರೆಮಾಡಿತು. ದರಕು ಹೊತ್ತವಳ ಮುಖ ನಮಗೆ ಗೊತ್ತಿತ್ತು, ಕೂಲಿ ಹೆಚ್ಚು ಕೇಳಿದರೆ ಜಗಳವಾದರೂ ಆಗುತ್ತಿತ್ತು. ಕ್ರಷರ್‌ನಲ್ಲಿ ದೂಳು ಕುಡಿಯುವವರ ಮುಖ ನಮಗೆ ಗೊತ್ತಿಲ್ಲ. ಮುನ್ನೂರು ಚದರಡಿಯ ಅಂಗಳಕ್ಕೆ ಬೇಕಾದ ಎಲೆಗೆ ಬೆಟ್ಟವನ್ನು ಗುಡಿಸಬೇಕಿಲ್ಲ. ಮನೆ ಮುಂದಿನ ಎರಡು ಮರ ಸಾಕು. ಆ ಕೆಲಸವನ್ನು ಮನೆಯ ಗಂಡಸರೂ ಮಾಡಬಹುದು, ಕೂಲಿ ಕೊಟ್ಟು ಮಾಡಿಸುವುದಾದರೆ ಜಲ್ಲಿಗೆ ಸುರಿಯುವ ಹಣದಲ್ಲಿ ಒಬ್ಬರಿಗೆ ಎಷ್ಟೋ ದಿನದ ಒಳ್ಳೆಯ ಕೂಲಿ ಕೊಡಬಹುದು.

ಹಾವು ಬರುತ್ತದೆ, ಗೆದ್ದಲು ಹಿಡಿಯುತ್ತದೆ ಎಂಬ ಭಯವೂ ಇದೆ. ಹೊದಿಕೆ ಮೂರು ನಾಲ್ಕು ಇಂಚು ಮೀರದಿದ್ದರೆ, ಮೂಲೆಯಲ್ಲಿ ಗುಡ್ಡೆ ಹಾಕದಿದ್ದರೆ ಹಾವಿಗೆ ಅಡಗಲು ಜಾಗ ಕಡಿಮೆಯಾಗುತ್ತದೆ. ಗೋಡೆಯಿಂದ ಒಂದಡಿ, ಗಿಡದ ಕಾಂಡದಿಂದ ನಾಲ್ಕು ಬೆರಳು ಬಿಟ್ಟು ಹಾಕಬೇಕು. ನಡೆದಾಡುವ ದಾರಿಗೆ, ಸೂರಿನ ನೀರು ಬೀಳುವ ಜಾಗಕ್ಕೆ, ಮಳೆನೀರಿನ ಇಂಗುಗುಂಡಿಗೆ ಜಲ್ಲಿ ಹಾಕಿ, ಅದು ಅದರ ಸರಿಯಾದ ಸ್ಥಾನ. ಗಿಡದ ಬುಡಕ್ಕೆ ಬೇಡ, ಅಷ್ಟೇ. ಇನ್ನೊಂದು ಲೆಕ್ಕ: ಎಲೆ ಹಾಕಿ ಬೇಡವೆನಿಸಿದರೆ ನಾಳೆ ಬೆಳಿಗ್ಗೆ ಗುಡಿಸಿ ತೆಗೆಯಬಹುದು. ಜಲ್ಲಿಯನ್ನು ಹಾಕಲು ನಮಗೆ ಒಂದು ದಿನ ಸಾಕಾಯಿತು. ತೆಗೆಯಲು ಎಷ್ಟು ದಿನ ಬೇಕೆಂದು ನಾನು ಈಗ ಕಲಿಯುತ್ತಿದ್ದೇನೆ.

ಈ ಜನವರಿಯಲ್ಲಿ ಆಂಟಿ ಮಗನಿಗೆ ತಾವೇ ಫೋನ್ ಮಾಡಿ ಹೇಳಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತಾ ಅಮ್ಮ" ಎಂದರಂತೆ. ಭಾನುವಾರಗಳಲ್ಲಿ ನಾನು ಜಲ್ಲಿಯನ್ನು ಗುದ್ದಲಿಯಲ್ಲಿ ಕೆರೆದು, ಜರಡಿ ಹಿಡಿದು ಸಿಮೆಂಟ್ ಚೀಲಕ್ಕೆ ತುಂಬುತ್ತೇನೆ. ಆಂಟಿ ಸ್ಟೂಲಿನ ಮೇಲೆ ಕೂತು ಮಣ್ಣಿನಲ್ಲಿ ಉಳಿದ ಚೂರುಗಳನ್ನು ಉದ್ದ ಹಿಡಿಕೆಯ ಕುಂಟೆಯಿಂದ ಎಳೆಯುತ್ತಾರೆ. ಇಷ್ಟು ದಿನದಲ್ಲಿ ಮುಗಿದದ್ದು ಪಾರಿಜಾತ ಮತ್ತು ಮಲ್ಲಿಗೆಯ ಸುತ್ತ, ಒಟ್ಟು ಅಂಗಳದ ಕಾಲುಭಾಗ. ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕನನ್ನು ಹೊಂಗೆ ಎಲೆ ಕೇಳಿದಾಗ ಅವರು ನಂಬಲಿಲ್ಲ. "ಎಲ್ಲರೂ ತಗೊಂಡೋಗು ಅಂತಾರೆ, ನೀವೊಬ್ರು ತಂದಾಕು ಅಂತೀರಲ್ಲ" ಎಂದು ನಕ್ಕು, ಪ್ಲಾಸ್ಟಿಕ್ ಆರಿಸಿ ತೆಗೆದ ಎರಡು ಚೀಲ ಗೇಟಿನೊಳಗಿಟ್ಟು ಹೋದರು. ಆ ಎರಡು ಚೀಲದಷ್ಟು ಭಾರ ಅವತ್ತು ಅವರ ಗಾಡಿಯಲ್ಲಿ ಕಡಿಮೆಯಾಯಿತು.

ಚೀಲಗಳಲ್ಲಿ ತುಂಬಿಟ್ಟ ಜಲ್ಲಿ ಕಾಂಪೌಂಡಿನ ಪಕ್ಕ ಸಾಲಾಗಿ ನಿಂತಿದೆ. ಬೀದಿಯಲ್ಲಿ ಮನೆ ಕಟ್ಟುತ್ತಿರುವವರೊಬ್ಬರು ಕಾಂಕ್ರೀಟಿಗೆ ಒಯ್ಯುತ್ತೇನೆಂದಿದ್ದಾರೆ. ಒಡೆದ ಗುಡ್ಡವನ್ನು ಮತ್ತೆ ಗುಡ್ಡ ಮಾಡಲಾಗದು, ಒಂದು ಗೋಡೆಯಾದರೂ ಆಗಲಿ. ಮೊನ್ನೆ ಮಹಡಿಯಿಂದ ನೋಡಿದಾಗ ಆಂಟಿ ಬರಿಗಾಲಲ್ಲಿ ಪಾರಿಜಾತದ ಕೆಳಗೆ ನಿಂತಿದ್ದರು. ನೆಲಕ್ಕೆ ಒಂದು ಹಳೆಯ ಪಂಚೆ ಹಾಸಿ, ಬಿದ್ದ ಹೂವನ್ನು ಅದರಲ್ಲಿಯೇ ಒಟ್ಟುಮಾಡುತ್ತಿದ್ದರು, ಬಗ್ಗದ ಹಾಗೆ.

ನಿಮ್ಮ ಮನೆಗೂ ಜಲ್ಲಿಯ ಟ್ರ್ಯಾಕ್ಟರ್ ಬರುವುದಿದ್ದರೆ, ಬರುವ ಮೊದಲು ಆ ಅಂಗಳದಲ್ಲಿ ದಿನಾ ಕಾಲಿಡುವವರು ಯಾರೆಂದು ನೋಡಿ, ಅವರನ್ನು ಕೇಳಿ. ಆಮೇಲೆ ತಲೆಯೆತ್ತಿ ಮರವನ್ನು ನೋಡಿ.